ಮೆತ್ತಗಾದ ಪಾದಗಳು

ಕೀಚ್. ಸ್ವಲ್ಪ ತಡೆದು ಇನ್ನೊಂದು ಕೀಚ್. ಹೊಸ ಶೂಗಳು ರಬ್ಬರ್ ಮ್ಯಾಟಿನ ಮೇಲೆ ಉಜ್ಜಿ ತಿರುಗುವ ಸದ್ದು, ಎಂಟನೇ ತರಗತಿಯ ಕಿಟಕಿಯಾಚೆಯ ಶೀಟಿನ ಶೆಡ್ಡಿನಿಂದ ಬರುತ್ತಿತ್ತು. ರಜೆ ಹಾಕಿದ್ದ ಗಣಿತದ ಮೇಷ್ಟ್ರ ಪೀರಿಯಡ್ಡಿಗೆ ಬಂದು ಕೂತಿದ್ದ ವನಜಾ ಮಿಸ್, ಮಕ್ಕಳಿಗೆ ಹದಿನಾರರ ಮಗ್ಗಿ ಬರೆಯಲು ಹೇಳಿ, ಆ ಸದ್ದನ್ನೇ ಕೇಳುತ್ತಿದ್ದರು. ಮೊದಲಾದರೆ ಹೀಗಿರಲಿಲ್ಲ. ಖೋಖೋ ಅಂಕಣದ ಮರದ ಕಂಬಕ್ಕೆ ಅಂಗೈ ಬಡಿದು ತಿರುಗುವ ಸದ್ದು ಕೇಳಿಯೇ ಇದು ಗೌರಿ, ಇದು ಸವಿತಾ ಎಂದು ಕೂತಲ್ಲಿಂದ ಹೇಳುತ್ತಿದ್ದರು. ಶೂಗಳ ಸದ್ದಿನಲ್ಲಿ ಯಾರು ಯಾರೆಂದೇ ತಿಳಿಯುತ್ತಿರಲಿಲ್ಲ.

ವರ್ತೂರು ಕೆರೆಯ ಆಚೆಗಿರುವ ಆ ಸರ್ಕಾರಿ ಪ್ರೌಢಶಾಲೆಯಲ್ಲಿ ವನಜಾ ದೈಹಿಕ ಶಿಕ್ಷಕಿಯಾಗಿ ಇಪ್ಪತ್ತಾರು ವರ್ಷ. ಹುಟ್ಟಿದ ಊರೂ ಅದೇ. ಅವರು ಕೆಲಸಕ್ಕೆ ಸೇರಿದಾಗ ಶಾಲೆಯ ಮೂರು ಕಡೆಗೂ ರಾಗಿ ಹೊಲವಿತ್ತು. ಅದರಲ್ಲಿ ಒಂದು ಅವರ ತಂದೆ ಚಿಕ್ಕಬೈರಪ್ಪನವರದು. ಆಟಕ್ಕೆ ಕಂಬ ಬೇಕೆಂದು ಮಗಳು ಕೇಳಿದಾಗ ಅವರು ಬದುವಿನ ಮೇಲಿದ್ದ ಎರಡು ನೀಲಗಿರಿ ಕಡಿಸಿ, ತೊಗಟೆ ಕೀಳಿಸಿ, ತಾವೇ ಬಂದು ನೆಟ್ಟುಹೋಗಿದ್ದರು. ಈಗ ಹೊಲವಿದ್ದಲ್ಲಿ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟು. ಕಂಬಗಳು ಮಾತ್ರ ಉಳಿದಿದ್ದವು. ಪ್ರತಿ ವರ್ಷ ಆಯುಧಪೂಜೆಯ ಹಿಂದಿನ ದಿನ ಮರಳು ಕಾಗದದಿಂದ ತಿಕ್ಕಿ, ಹರಳೆಣ್ಣೆ ಹಚ್ಚುವುದು ವನಜಾ ಮಿಸ್ಸೇ.

ಅವರ ಖೋಖೋ ಪಾಠ ಪಾದದಿಂದ ಶುರುವಾಗುತ್ತಿತ್ತು. ಜೂನ್ ತಿಂಗಳಿಡೀ ಹುಡುಗಿಯರು ಬರಿಗಾಲಲ್ಲಿ ಮಣ್ಣಿನ ಮೇಲೆ, ಗರಸಿನ ಮೇಲೆ ಓಡಬೇಕು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಎಲ್ಲರೂ ಜಗಲಿಯ ಮೇಲೆ ಸಾಲಾಗಿ ಕೂತು ಕಾಲು ಚಾಚುವರು. ಮಿಸ್ ಒಬ್ಬೊಬ್ಬರ ಅಂಗಾಲನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುವರು. ಚರ್ಮ ಮೆತ್ತಗಿದ್ದು ಬೆರಳು ತಗ್ಗಿದರೆ ಇನ್ನೂ ಒಂದು ವಾರ ಓಟ. ತಗ್ಗದಿದ್ದರೆ, ಹೋಗು, ಖೋ ಕೊಡು. ಯಾದಗಿರಿ ಕಡೆಯಿಂದ ಬಂದು ಕಟ್ಟಡ ಕೆಲಸದ ಶೆಡ್ಡಿನಲ್ಲಿದ್ದ ಚನ್ನಕ್ಕನ ಮಗಳು ಸವಿತಾಳ ಅಂಗಾಲನ್ನು ಮೊದಲ ಸಲ ಒತ್ತಿದಾಗ ಮಿಸ್ಸಿಗೆ ಒಣಗಿದ ಹುಣಸೆ ತೊಗಟೆ ಮುಟ್ಟಿದಂತಾಗಿತ್ತು. ಎರಡೇ ವರ್ಷದಲ್ಲಿ ಆ ಹುಡುಗಿ ಹೋಬಳಿಯಲ್ಲೇ ಯಾರ ಕೈಗೂ ಸಿಗದವಳಾದಳು. ಚನ್ನಕ್ಕ ತಿಂಗಳಿಗೊಮ್ಮೆ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಹಿಡಿದು ಸ್ಟಾಫ್ ರೂಮಿನ ಬಾಗಿಲಿಗೆ ಬರುತ್ತಿದ್ದಳು.

ಈ ವರ್ಷ ಏಪ್ರಿಲ್‌ನಲ್ಲಿ ಪ್ರಸನ್ನ ಬಂದ. ಯಾವುದೋ ಕಂಪನಿಯ ದುಡ್ಡಿನಲ್ಲಿ ಸರ್ಕಾರಿ ಶಾಲೆಗಳಿಗೆ ಕೋಚ್ ಕಳಿಸುವ ಸಂಸ್ಥೆಯವನು. ಇಪ್ಪತ್ತೇಳು ವರ್ಷ, ರಾಜ್ಯ ತಂಡದಲ್ಲಿ ಆಡಿದವನು. ಶೆಡ್ ಹಾಕಿಸಿ, ಮ್ಯಾಟ್ ಹಾಸಿಸಿ, ಹನ್ನೆರಡು ಜೊತೆ ಶೂ ತಂದ. ಬೇಸಿಗೆ ರಜೆಯಲ್ಲೂ ಹುಡುಗಿಯರು ತಪ್ಪದೆ ಬಂದರು. ಅವನು ಒರಟನಾಗಿದ್ದರೆ ವನಜಾ ಮಿಸ್ಸಿಗೆ ಸುಲಭವಾಗುತ್ತಿತ್ತು. ಅವನು ಬಂದ ದಿನವೇ ಅವರ ಕಾಲು ಮುಟ್ಟಿದ. ಒಂದೇ ದಿನದಲ್ಲಿ ಹನ್ನೆರಡು ಹೆಸರನ್ನೂ ಕಲಿತ. ಮಂಗಳವಾರ, ಗುರುವಾರ, ಶನಿವಾರ ಅವನವು. ಶನಿವಾರದ ಪಾದ ನೋಡುವ ಸಾಲು ಯಾರೂ ಬೇಡ ಎನ್ನದೆಯೇ ನಿಂತುಹೋಯಿತು. ಹಳೆಯ ಕಂಬಗಳಿಗೆ ಯಾರೋ ಹಗ್ಗ ಕಟ್ಟಿ ಬಿಸಿಯೂಟದ ಮನೆಯ ಒರೆಸುವ ಬಟ್ಟೆ ಒಣಹಾಕಿದರು.

ಕನ್ನಡದ ಕೃಷ್ಣಪ್ಪ ಮೇಷ್ಟ್ರಿಗೆ ಕಾಲೆಳೆಯಲು ಇದಕ್ಕಿಂತ ಇನ್ನೇನು ಬೇಕು. ಸ್ಟಾಫ್ ರೂಮಿನಲ್ಲಿ ಟೀ ಲೋಟ ಕೆಳಗಿಡುತ್ತ ಕೇಳಿದರು, "ಏನ್ ವನಜಮ್ಮೋರೆ, ನಿಮ್ಮಪ್ಪ ಹೊಲ ಮಾರಿದ್ರು. ನೀವು ಟೀಮೇ ಮಾರ್ಬಿಟ್ರಾ?"

ಎಲ್ಲರೂ ನಕ್ಕರು. ವನಜಾ ಮಿಸ್ಸೂ ನಕ್ಕರು.

ಒಂದು ಗುರುವಾರ ಚನ್ನಕ್ಕ ರೊಟ್ಟಿಯ ಗಂಟಿನೊಂದಿಗೆ ಬಂದಳು. ಸ್ಟಾಫ್ ರೂಮಿನ ಬಾಗಿಲಲ್ಲಿ ಮಿಸ್ಸನ್ನು ಕಂಡು ಕೈಮುಗಿದು, ಹಾಗೆಯೇ ಮುಂದೆ ಶೆಡ್ಡಿಗೆ ನಡೆದಳು. ಮಗಳಿಗೆ ಜೀವಮಾನದ ಮೊದಲ ಶೂ ಕೊಟ್ಟವನು ಅಲ್ಲಿದ್ದ. ಸ್ವಲ್ಪ ಹೊತ್ತಿಗೆ ಪ್ರಸನ್ನ ಅರ್ಧ ರೊಟ್ಟಿ, ಒಂದಿಷ್ಟು ಹಿಂಡಿ ಪೇಪರಿನಲ್ಲಿ ಸುತ್ತಿ ತಂದು ಮಿಸ್ಸಿನ ಮುಂದಿಟ್ಟ. ಎದೆಯುರಿ ಇದೆ, ಬೇಡ ಎಂದರು. ಅದು ಸುಳ್ಳೂ ಆಗಿರಲಿಲ್ಲ. ಅವನು ಅಲ್ಲೇ ಬಿಟ್ಟು ಹೋದ ಆ ರೊಟ್ಟಿಯನ್ನು ಬಹಳ ಹೊತ್ತು ನೋಡುತ್ತ ಕೂತರು. ಹಿಂಡಿಗೆ ಚನ್ನಕ್ಕ ಈ ಸಲ ಬೆಳ್ಳುಳ್ಳಿ ಜಾಸ್ತಿ ಹಾಕಿದ್ದಳೆಂದು ವಾಸನೆಯಲ್ಲೇ ತಿಳಿಯುತ್ತಿತ್ತು. ಬೆಳ್ಳುಳ್ಳಿ ಜಾಸ್ತಿಯಿದ್ದರೆ ತನಗಿಷ್ಟ ಎಂದು ಅವಳಿಗೆ ಹೇಳಿದ್ದವರು ವನಜಾ ಮಿಸ್ಸೇ.

ಜುಲೈನಲ್ಲಿ ಹೋಬಳಿ ಮಟ್ಟದ ಕ್ರೀಡಾಕೂಟದ ಪೂರ್ವಭಾವಿ ಸಭೆ ನಡೆಯಿತು. ಅದಕ್ಕೆ ಹೋಗಬೇಕಾದವರು ದೈಹಿಕ ಶಿಕ್ಷಕರೇ ಹೊರತು ಹೊರಗಿನ ಕೋಚ್‌ಗಳಲ್ಲ. ಈ ಸಲವೂ ಮಣ್ಣಿನ ಅಂಕಣ, ಮರದ ಕಂಬ, ಈ ವರ್ಷದಿಂದ ಎಲ್ಲ ತಂಡದವರೂ ಬರಿಗಾಲಲ್ಲೇ ಆಡಬೇಕು, ಕೆಲವರಿಗೆ ಶೂ ಇದ್ದು ಕೆಲವರಿಗಿಲ್ಲದಿದ್ದರೆ ಸರಿಯಲ್ಲ ಎಂದು ಅಲ್ಲಿ ತೀರ್ಮಾನವಾಯಿತು. ವನಜಾ ಮಿಸ್ ಡೈರಿಯಲ್ಲಿ 'ಬರಿಗಾಲು' ಎಂದು ಬರೆದು ಕೆಳಗೆ ಗೆರೆ ಎಳೆದರು. ಪಂದ್ಯಕ್ಕೆ ಮೂರು ವಾರವಿತ್ತು. ದಿನಾ ಬೆಳಿಗ್ಗೆ ಮಣ್ಣಿನ ಮೇಲೆ ಓಡಿಸಿದರೆ ಅಂಗಾಲು ಮತ್ತೆ ಗಟ್ಟಿಯಾಗಲು ಅಷ್ಟು ಸಾಕು. ವಾಪಸು ಬರುವ ಬಸ್ಸಿನಲ್ಲಿ, ಹೋದೊಡನೆ ಹೇಳಬೇಕು ಎಂದುಕೊಂಡೇ ಬಂದರು.

ಶೆಡ್ಡಿನ ಮೆಟ್ಟಿಲ ಮೇಲೆ ಸವಿತಾ ಶೂ ಬಿಚ್ಚಿ ಕೂತಿದ್ದಳು. ಮಿಸ್ಸನ್ನು ನೋಡಿ, ಹಿಂದೆ ಜಗಲಿಯ ಮೇಲೆ ಚಾಚುತ್ತಿದ್ದಂತೆಯೇ, ಎರಡೂ ಕಾಲು ಮುಂದೆ ಚಾಚಿದಳು.

"ಮಿಸ್, ಮುಟ್ಟಿ ನೋಡ್ರಿ. ಎಷ್ಟ್ ಮೆತ್ತಗಾಗ್ಯಾವ. ಸಾಹುಕಾರ್ರ ಮಗಳ ಕಾಲು ಅಂತಾಳ ನಮ್ಮವ್ವ."

ವನಜಾ ಮಿಸ್ ಬಗ್ಗಿ ಹೆಬ್ಬೆರಳು ಒತ್ತಿದರು. ಬೆರಳು ತಗ್ಗಿತು. ಹೇಳಬೇಕಾದ ಮಾತು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಒಳಗಿಂದ ಪ್ರಸನ್ನ ನಗುತ್ತ ಬಂದ. "ನೋಡಿದ್ರಾ ಮೇಡಂ, ನನ್ನ ಟೀಮಲ್ಲಿ ಈಗ ಒಬ್ಬರ ಕಾಲಲ್ಲೂ ಬಿರುಕಿಲ್ಲ."

ನನ್ನ ಟೀಮು.

"ಚೆನ್ನಾಗಿದೆ" ಎಂದು ವನಜಾ ಮಿಸ್ ಬೆರಳನ್ನು ಸೀರೆಗೆ ಒರೆಸಿಕೊಂಡು ಸ್ಟಾಫ್ ರೂಮಿಗೆ ಹೋದರು.

ಸಭೆ ಹೇಗಾಯಿತೆಂದು ಅವನೇ ಬಂದು ಕೇಳಿದ. ದಿನಾಂಕ ಹೇಳಿದರು, ಮೈದಾನ ಹೇಳಿದರು, ಬನಿಯನ್ನಿನ ಹಿಂದೆ ನಂಬರ್ ಇರಬೇಕೆಂದು ಹೇಳಿದರು. ಕಾಲಿನ ವಿಷಯ ಹೇಳಲಿಲ್ಲ. ಇನ್ನೂ ಮೂರು ವಾರ ಇದೆಯಲ್ಲ, ನಾಳೆ ಹೇಳಿದರಾಯಿತು ಎಂದುಕೊಂಡರು. ಮಣ್ಣಿನಲ್ಲಿ ಆಡಬೇಕಾಗುತ್ತದಾ ಮೇಡಂ, ಮಕ್ಕಳನ್ನು ಹೇಗೆ ತಯಾರು ಮಾಡಲಿ ಎಂದು ಅವನಾಗಿ ಕೇಳಲಿ, ಆಗ ಹೇಳುತ್ತೇನೆ ಎಂದುಕೊಂಡರು. ಅವನು ಕೇಳಲಿಲ್ಲ. ಮ್ಯಾಟಿನ ಮೇಲೆ ಬೆಳೆದವನಿಗೆ ಹಾಗೆ ಕೇಳಬೇಕೆಂದೇ ಹೊಳೆಯಲಿಲ್ಲ. ಎರಡನೇ ವಾರ ಕಳೆದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದಕ್ಕೂ ಉತ್ತರ ಕೊಡಬೇಕಿತ್ತು.

ಪಂದ್ಯದ ದಿನ ಮಳೆಯಿರಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೇ ಮಣ್ಣು ಕಾದಿತ್ತು. ಅಂಪೈರ್ ಬಂದು ಶೂ ತೆಗೆಯಲು ಹೇಳಿದಾಗ ಪ್ರಸನ್ನ ಮೊದಲು ನಕ್ಕ, ಆಮೇಲೆ ವಿನಯದಿಂದ ಬೇಡಿಕೊಂಡ. ಅಂಪೈರ್ ಆಗದೆಂದು ತಲೆಯಾಡಿಸಿದರು. ಹನ್ನೆರಡು ಜೊತೆ ಶೂಗಳು ಗೆರೆಯಾಚೆ ಸಾಲಾಗಿ ಕೂತವು. ತಂಡದ ಬೆಂಚಿನಲ್ಲಿ ಕೂರಲು ಒಬ್ಬರಿಗೆ ಮಾತ್ರ ಅವಕಾಶ. ಅರ್ಜಿಯಲ್ಲಿ ಸಹಿ ಇದ್ದದ್ದು ವನಜಾ ಮಿಸ್ಸಿನದು. ಪ್ರಸನ್ನ ಹಗ್ಗದ ಹಿಂದೆ ಜನರೊಡನೆ ನಿಂತ. ನಾಲ್ಕು ತಿಂಗಳಿಂದ ಕಳೆದುಕೊಂಡಿದ್ದ ಜಾಗ ಮಿಸ್ಸಿಗೆ ಸಿಕ್ಕಿತ್ತು. ಆದರೆ ಖೋ ಕೊಟ್ಟು ಕೂತಾಗಲೆಲ್ಲ ಹುಡುಗಿಯರ ಕಣ್ಣು ಬೆಂಚನ್ನು ದಾಟಿ ಹಗ್ಗದ ಕಡೆಗೇ ಹೋಗುತ್ತಿತ್ತು.

ಅವರು ಓಡಲಿಲ್ಲ. ಕೆಂಡದ ಮೇಲೆ ನಡೆದಂತೆ ಹೆಜ್ಜೆ ಎತ್ತಿ ಎತ್ತಿ ಇಟ್ಟರು. ಮೂರು ನಿಮಿಷ ಯಾರಿಗೂ ಸಿಗದ ಸವಿತಾ ಒಂದೇ ನಿಮಿಷಕ್ಕೆ ಔಟಾದಳು. ಎರಡನೇ ಸರದಿಯಲ್ಲಿ ಹಲ್ಲು ಕಚ್ಚಿ ಓಡಿದಳು. ಕಂಬಕ್ಕೆ ಅಂಗೈ ಬಡಿಯಿತು, ಅದೇ ಹಳೆಯ ಸದ್ದು. ವನಜಾ ಮಿಸ್ ತಮಗರಿವಿಲ್ಲದೆ ಎದ್ದು ನಿಂತರು. ತಿರುಗುವಾಗ ಅಂಗಾಲಿನ ಚರ್ಮ ಹರಿಯಿತು. ಹುಡುಗಿ ಅಲ್ಲೇ ಕೂತುಬಿಟ್ಟಳು. ತಂಡ ಎರಡು ಪಾಯಿಂಟಿನಲ್ಲಿ ಸೋತಿತು. ತಾಲ್ಲೂಕಿಗೆ ಹೋಗುವ ದಾರಿ ಈ ವರ್ಷಕ್ಕೆ ಮುಗಿಯಿತು. ಹತ್ತನೇ ತರಗತಿಯ ಸವಿತಾಳಿಗೆ ಮುಂದಿನ ವರ್ಷ ಎಂಬುದಿರಲಿಲ್ಲ.

ನಲ್ಲಿಯ ಹತ್ತಿರ ಹುಡುಗಿಯರು ಕಾಲು ತೊಳೆಯುತ್ತಿದ್ದರು. ಪ್ರಸನ್ನ ಸವಿತಾಳ ಅಂಗಾಲಿಗೆ ಪಟ್ಟಿ ಕಟ್ಟಿ ಮುಗಿಸಿ, ಮಿಸ್ ನಿಂತಿದ್ದ ಬೇವಿನ ಮರದ ಕೆಳಗೆ ಬಂದ. ಕಣ್ಣು ಕೆಂಪಾಗಿತ್ತು.

"ನನ್ನದೇ ತಪ್ಪು ಮೇಡಂ. ರೂಲ್ ಏನು ಅಂತ ನಾನು ವಿಚಾರಿಸಬೇಕಿತ್ತು. ಮಕ್ಕಳಿಗೂ ಅದೇ ಹೇಳಿದೀನಿ. ಸರ್, ಪರವಾಗಿಲ್ಲ ಬಿಡ್ರಿ ಅಂತ ಆ ಸವಿತಾ ನನಗೇ ಸಮಾಧಾನ ಮಾಡ್ತಾಳೆ."

ವನಜಾ ಮಿಸ್ ನಲ್ಲಿಯ ಕಡೆ ನೋಡಿದರು. ಸವಿತಾ ಪಟ್ಟಿ ಕಟ್ಟಿದ ಕಾಲಿಗೆ ಶೂ ಹಾಕಿಕೊಳ್ಳಲು ಒದ್ದಾಡುತ್ತ, ಮಧ್ಯೆ ಮಧ್ಯೆ ಪ್ರಸನ್ನನ ಕಡೆ ನೋಡುತ್ತಿದ್ದಳು. ಅವನು ಸೋಲಿಸಿದನೆಂದು ನಂಬಿದ್ದಳು, ಕ್ಷಮಿಸಿಯೂ ಆಗಿತ್ತು. ಶೂ, ಶನಿವಾರ, ರೊಟ್ಟಿ ಎಲ್ಲ ಅವನ ಪಾಲಿಗೆ ಹೋಗಿತ್ತು. ಈಗ ಈ ಕ್ಷಮೆಯೂ ಅವನಿಗೇ ಹೋಗುವುದನ್ನು ಅವರಿಂದ ನೋಡಲಾಗಲಿಲ್ಲ.

"ನಿನ್ನ ತಪ್ಪಲ್ಲ ಪ್ರಸನ್ನ" ಎಂದರು. "ಬರಿಗಾಲು ಅಂತ ಮೀಟಿಂಗಲ್ಲೇ ಹೇಳಿದ್ರು. ಮೂರು ವಾರದಿಂದ ನಂಗೆ ಗೊತ್ತಿತ್ತು."

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ, "ಮರೆತಿದ್ರಾ ಮೇಡಂ?" ಎಂದು ಕೇಳಿದ. ತಪ್ಪಿಸಿಕೊಳ್ಳಲು ದಾರಿ ಬಿಟ್ಟುಕೊಡುವ ದನಿಯಲ್ಲಿ.

"ಇಲ್ಲ."

"ಮತ್ತೆ ಯಾಕೆ ಮೇಡಂ, ಒಂದು ಮಾತು ನನಗೆ..."

ಅವನು ಇನ್ನೂ ಮಾತಾಡುತ್ತಲೇ ಇದ್ದ. ವನಜಾ ಮಿಸ್ ಚಪ್ಪಲಿಯನ್ನು ಮರದ ಕೆಳಗೇ ಬಿಟ್ಟು, ಕಾದ ಮಣ್ಣಿನ ಮೇಲೆ ನಲ್ಲಿಯ ಕಡೆಗೆ, ಸವಿತಾ ಕೂತಿದ್ದಲ್ಲಿಗೆ ನಡೆದರು.