ಷಡ್ಡಕ ರಿಪೇರಿ ಮಾಡಿದ ಮೋಡೆಮ್

ಜ್ಞಾನ ತಾನಾಗಿ ಯಾರ ಮನೆಬಾಗಿಲಿಗೂ ಬರುವುದಿಲ್ಲ, ತಪಸ್ಸು ಮಾಡಿ ಕರೆಯಬೇಕು ಎಂದು ಹಿರಿಯರು ಹೇಳುತ್ತಾರೆ. ನಮ್ಮ ಮನೆಗೆ ಅದು ಟೆಲಿಫೋನ್ ತಂತಿಯಲ್ಲಿ ಬರಬೇಕಾಗಿತ್ತು. ತಪಸ್ಸಿಗೆ ಮೊದಲು ಒಂದು ಸ್ಕ್ರೂಡ್ರೈವರ್ ಬೇಕಾಗಿತ್ತು. ಅದು ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಸಿಕ್ಕಿತು.

ಇಂಟರ್‌ನೆಟ್ಟು ಗಾಳಿಯಲ್ಲಿ ತೇಲಿ ಬರುವುದನ್ನು ಕಲಿಯುವ ಮೊದಲಿನ ಮಾತು ಇದು. ಆಗ ಕಂಪ್ಯೂಟರು ಫೋನ್ ಮಾಡಿ ಕರೆದರೆ ಮಾತ್ರ ಅದು ಬರುತ್ತಿತ್ತು. ಹಾಗೆ ಫೋನ್ ಮಾಡುವ ಸಾಧನವೇ ಮೋಡೆಮ್. ನಾನು ತಿರುವನಂತಪುರದಲ್ಲಿ, ಆಕಾಶಕ್ಕೆ ಹಾರಿಸುವ ವಸ್ತುಗಳನ್ನು ತಯಾರಿಸುವ ಒಂದು ಸಂಸ್ಥೆಯಲ್ಲಿ ಎಂಜಿನಿಯರಾಗಿದ್ದೆ. ಮೈಸೂರಿನ ನೆಂಟರ ಲೆಕ್ಕದಲ್ಲಿ ಇಡೀ ರಾಕೆಟ್ಟು ನನ್ನದೇ. ನಾನು ನೋಡಿಕೊಳ್ಳುತ್ತಿದ್ದುದು ಅದರೊಳಗಿನ ಒಂದು ಬಗೆಯ ಕವಾಟವನ್ನು ಮಾತ್ರ. ಆದರೆ ನೆಂಟರನ್ನು ತಿದ್ದುವುದು ನನ್ನ ಸ್ವಭಾವವಲ್ಲ.

ಈ ಕೀರ್ತಿಗೆ ಅಪಾಯ ಬಂದದ್ದು ಕೊಚ್ಚಿಯಿಂದ. ಅಲ್ಲಿ ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಅಂಬಲಮುಗಳ್‌ನಲ್ಲಿ ತೈಲ ಶುದ್ಧೀಕರಣ ಕಾರ್ಖಾನೆಯ ಲೆಕ್ಕಪತ್ರ ನೋಡುವ ಕೆಲಸದಲ್ಲಿದ್ದ. ಓದಿದ್ದು ಬಿ.ಕಾಂ. ಅವನ ಮನೆಗೆ ಆಗಲೇ ಇಂಟರ್‌ನೆಟ್ಟು ಬಂದಿತ್ತು, ಅದೂ ಅವನೇ ಕೈಯಾರೆ ಹಾಕಿಕೊಂಡದ್ದು. ನಾದಿನಿ ತನ್ನಕ್ಕನಿಗೆ ಫೋನಿನಲ್ಲಿ ಹೇಳಿದಳಂತೆ: "ಭಾನುವಾರದೊಳಗೆ ಭಾವನಿಂದ ಒಂದು ಈಮೇಲ್ ಬರಲಿ ನೋಡೋಣ. ಬರದಿದ್ರೆ ಸೋಮವಾರ ಇವರೇ ಬಂದು ಸರಿಮಾಡಿಕೊಡ್ತಾರಂತೆ. ರಜನೂ ಹಾಕಿಬಿಟ್ಟಿದ್ದಾರೆ."

ರಜ ಹಾಕಿಬಿಟ್ಟಿದ್ದಾನೆ! ರಾಕೆಟ್ ಎಂಜಿನಿಯರನ ಕಂಪ್ಯೂಟರನ್ನು ಬಿ.ಕಾಂ. ಓದಿದವನು ಬಂದು ಸರಿಮಾಡಿದ ಎಂಬ ಸುದ್ದಿಯನ್ನು ನಮ್ಮ ಕಡೆ ಎಷ್ಟು ಮದುವೆ, ಎಷ್ಟು ಮುಂಜಿ, ಎಷ್ಟು ಸೀಮಂತಗಳಲ್ಲಿ ಬಡಿಸುತ್ತಾರೆಂದು ನಾನು ಬಲ್ಲೆ. ನಾದಿನಿ ಬಡಿಸುವಾಗ ಕೈ ಬಿಗಿ ಹಿಡಿಯುವವಳಲ್ಲ.

ಮುಂದೆ ಹೋಗುವ ಮೊದಲು ನಮ್ಮ ಮನೆಯ ಎರಡು ಕಾನೂನುಗಳನ್ನು ಹೇಳಬೇಕು. ತುಲಾವರ್ಷ, ಅಂದರೆ ದೀಪಾವಳಿ ಆಸುಪಾಸಿನ ಹಿಂಗಾರು ಮಳೆ, ಆ ಊರಿನಲ್ಲಿ ಮಧ್ಯಾಹ್ನದ ಊಟ ಮುಗಿಯುತ್ತಲೇ ಗುಡುಗು ಸಿಡಿಲು ಸಮೇತ ಹಾಜರಿ ಹಾಕುತ್ತದೆ. ಹಿಂದಿನ ವರ್ಷ ಪಕ್ಕದ ಮನೆಯ ಚೇಚಿಯ (ಅಕ್ಕನಿಗೆ ಅಲ್ಲಿ ಹಾಗೆನ್ನುತ್ತಾರೆ) ಫೋನು ಸಿಡಿಲಿಗೆ ಸುಟ್ಟು ಕರಕಲಾಗಿತ್ತು. ಅದನ್ನು ನೋಡಿ ನಾನು, ಫೋನಿನ ತಂತಿ ಮನೆಯೊಳಕ್ಕೆ ಬರುವ ವರಾಂಡದಲ್ಲಿ ಒಂದು ಸ್ವಿಚ್ಚು ಹಾಕಿಸಿದೆ. ಗುಡುಗು ಕೇಳಿದ ಕೂಡಲೇ ಅದನ್ನು ಇಳಿಸಬೇಕು, ನಿಂತ ಮೇಲೆ ಏರಿಸಬೇಕು, ನನ್ನನ್ನು ಕೇಳುತ್ತ ಕೂರಬಾರದು ಎಂದು ಹೆಂಡತಿಗೆ ಅಪ್ಪಣೆ ಕೊಟ್ಟೆ. ಇದು ಮೊದಲನೆಯ ಕಾನೂನು. ಎರಡನೆಯದು ಮೋಡೆಮಿನ ಜೊತೆಗೆ ಬಂತು: ಅದು ಡಯಲ್ ಮಾಡುವಾಗ ಯಾರೂ ಫೋನ್ ಎತ್ತಬಾರದು, ಎತ್ತಿದರೆ ಸಂಪರ್ಕ ಕಡಿದುಹೋಗುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಎರಡೂ ಕಾನೂನುಗಳು ಇಂದಿಗೂ ನಿರ್ದೋಷಿಗಳೇ.

ಶನಿವಾರ ಬೆಳಿಗ್ಗೆ ಸ್ನಾನ ಮಾಡಿ ಕಂಪ್ಯೂಟರಿನ ಹೊಟ್ಟೆ ಬಿಚ್ಚಿದೆ. ಮೋಡೆಮಿನ ಹಲಗೆಯನ್ನು ಅದರ ಸಂದಿಯಲ್ಲಿ ಕೂರಿಸಿ, ಜೊತೆಗೆ ಬಂದಿದ್ದ ಸಿ.ಡಿ. ಹಾಕಿದೆ. ಮೋಡೆಮ್ ಬಂದದ್ದನ್ನು ಕಂಪ್ಯೂಟರು ಒಪ್ಪಿಕೊಂಡಿತು, ಆದರೆ ಮೌಸು ಸತ್ತುಹೋಯಿತು. ಇಬ್ಬರಿಗೂ ಒಂದೇ ಜಾಗ ಬೇಕಂತೆ, ದಾಯಾದಿಗಳ ಹಾಗೆ. ಅವರಿಗೆ ಪಾಲು ಹಂಚಿ ರಾಜಿ ಮಾಡಿಸುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು, ಹೊರಗೆ ಮೋಡ ಕವಿದಿತ್ತು. ಮೊದಲ ಸಲ ಡಯಲ್ ಒತ್ತಿದೆ. ಮೋಡೆಮ್ ಒಮ್ಮೆ ಟಕ್ ಎಂದಿತು, ಆಮೇಲೆ ಮೌನ. ಡಯಲ್ ಟೋನ್ ಇಲ್ಲ ಎಂದು ಪರದೆಯ ಮೇಲೆ ಬಂತು. ಅಷ್ಟರಲ್ಲಿ ಕರೆಂಟೂ ಹೋಯಿತು.

ಭಾನುವಾರ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. "ಇನ್ನೊಂದ್ಸಲ ಒತ್ತಿ ನೋಡ್ಬಾರದೇನ್ರೀ?" ಎಂದಳು ಹೆಂಡತಿ. ಅವಳಿಗೆ ನಮ್ಮ ಸಂಸ್ಥೆಯ ಪದ್ಧತಿ ತಿಳಿಯದು. ಒಂದು ಸಲ ವಿಫಲವಾದದ್ದನ್ನು, ಪರಿಶೀಲನಾ ಸಮಿತಿ ಕೂರುವ ತನಕ ಮತ್ತೆ ಯಾರೂ ಮುಟ್ಟುವಂತಿಲ್ಲ. ಸಮಿತಿಯ ಸದಸ್ಯರಿಬ್ಬರೂ ನನ್ನ ಸಹೋದ್ಯೋಗಿಗಳು, ಒಬ್ಬರು ಧಾರವಾಡದವರು, ಇನ್ನೊಬ್ಬರು ಕಾಸರಗೋಡಿನವರು. ಊಟ ಮುಗಿಸಿ, ಒಂದು ನಿದ್ದೆ ತೆಗೆದು ಬರುತ್ತೇವೆ ಎಂದಿದ್ದರು.

ಬಂದರು. ಹೆಂಡತಿ ಪಳಂಪೊರಿ ಕರಿದಿದ್ದಳು. ಬಾಳೆಹಣ್ಣಿನ ಆ ಬಜ್ಜಿಯಿಲ್ಲದೆ ಅಲ್ಲಿ ಯಾವ ಸಮಿತಿಯೂ ಕೂರುವುದಿಲ್ಲ. ನಾನು ಹಿಂದಿನ ದಿನದ ವಿದ್ಯಮಾನವನ್ನು ಆದಿಯಿಂದ ವಿವರಿಸುತ್ತಿದ್ದಾಗ ದೂರದಲ್ಲಿ ಗುಡುಗಿತು. ಹೆಂಡತಿ ತಟ್ಟೆ ಕೆಳಗಿಟ್ಟು ವರಾಂಡಕ್ಕೆ ಹೋಗಿ ಬಂದಳು. ನಾವು ಪರೀಕ್ಷೆಗೆ ಇಳಿದೆವು. ಟಕ್. ಮೌನ. ಡಯಲ್ ಟೋನ್ ಇಲ್ಲ.

"ಟೋನ್ ಇಲ್ಲಂತ ಅದs ಹೇಳಾಕತ್ತೈತಲ್ರೀ ಸರ," ಎಂದರು ಧಾರವಾಡದವರು. "ಒಮ್ಮೆ ಫೋನ್ ಎತ್ತಿ ಕೇಳೂಣಲ್ಲ?"

"ಪರೀಕ್ಷೆ ನಡೆಯುವಾಗ ಫೋನ್ ಎತ್ತುವ ಹಾಗಿಲ್ಲ," ಎಂದೆ.

"ಟೋನ್ ಉಂಟು ಮಾರಾಯ್ರೆ," ಎಂದರು ಕಾಸರಗೋಡಿನವರು. "ಇದಕ್ಕೆ ಕೇಳುದಿಲ್ಲ ಅಷ್ಟೆ. ಕಿವಿ ಮಂದ."

ಮೋಡೆಮಿಗೆ ಕಿವಿ ಮಂದ ಎಂಬುದನ್ನು ಸಮಿತಿ ಒಪ್ಪಿತು. ಟೋನಿಗೆ ಕಾಯದೆ ಡಯಲ್ ಮಾಡು ಎಂದು ಅದಕ್ಕೆ ಹೇಳಿಕೊಟ್ಟೆವು. ಅದು ವಿಧೇಯವಾಗಿ ಶೂನ್ಯಕ್ಕೆ ಡಯಲ್ ಮಾಡಿತು. ಉತ್ತರ ಬರಲಿಲ್ಲ.

"ಕಿವಿ ಅಷ್ಟs ಅಲ್ರೀ, ಬಾಯೀನೂ ಬಿದ್ದೈತಿ," ಎಂದರು ಧಾರವಾಡದವರು.

ಹುಟ್ಟಿನಿಂದಲೇ ದೋಷವಿರುವ ಈ ಮೋಡೆಮನ್ನು ಅಂಗಡಿಗೆ ಹಿಂತಿರುಗಿಸತಕ್ಕದ್ದು ಎಂದು ತೀರ್ಮಾನವಾಯಿತು. ಕೊನೆಯ ಪಳಂಪೊರಿ ಮುಗಿಯಿತು, ಮಳೆಯೂ ನಿಂತಿತು. ಹೆಂಡತಿ ಮತ್ತೊಮ್ಮೆ ವರಾಂಡಕ್ಕೆ ಹೋಗಿ ಬಂದಳು. ಅವಳು ಒಳಗೆ ಕಾಲಿಡುತ್ತಿದ್ದ ಹಾಗೆಯೇ ಫೋನು ಬಡಿದುಕೊಂಡಿತು. ನಾದಿನಿ.

"ಇಲ್ಲ ಕಣೇ, ಇನ್ನೂ ಆಗಿಲ್ಲ. ಸಮಿತಿ ಕೂತಿದೆ," ಎಂದಳು ಹೆಂಡತಿ. ಕೊಚ್ಚಿಯ ನಗು ರಿಸೀವರಿನಿಂದ ಹೊರಗೆ ಬಂದು ನನ್ನ ತನಕ ಕೇಳಿಸಿತು.

"ನೋಡಿದಿರಾ," ಎಂದರು ಕಾಸರಗೋಡಿನವರು, ಕೈ ಒರೆಸಿಕೊಳ್ಳುತ್ತ. "ಲೈನ್ ಸರಿ ಉಂಟು. ದೋಷ ಮೋಡೆಮಿನದ್ದೇ." ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಕೆಂದು ನಮ್ಮಲ್ಲಿ ಯಾರಿಗೂ ಅನ್ನಿಸಲಿಲ್ಲ.

ಸೋಮವಾರ ಬೆಳಿಗ್ಗೆ ಷಡ್ಡಕ ತಿರುವನಂತಪುರದ ತಂಪಾನೂರು ನಿಲ್ದಾಣದಲ್ಲಿ ರೈಲಿಳಿದ. ನಾನೂ ರಜ ಹಾಕಿ ಕರೆತರಲು ಹೋಗಿದ್ದೆ. ಕೈಯಲ್ಲಿ ಒಂದು ಚೀಲ ಬಾಳೆಕಾಯಿ ಚಿಪ್ಸು, ಮುಖದಲ್ಲಿ ಅನುಕಂಪ. "ಬೇಜಾರು ಮಾಡ್ಕೋಬೇಡಿ ಭಾವ. ಇವೆಲ್ಲ ಚಿಕ್ಕ ವಿಷಯ. ನಿಮ್ಮಂಥ ದೊಡ್ಡ ತಲೆಗೆ ಹೊಳೆಯೋದಿಲ್ಲ," ಎಂದು ಆಟೋದಲ್ಲಿ ದಾರಿಯುದ್ದಕ್ಕೂ ಸಮಾಧಾನ ಹೇಳಿದ. ಅಷ್ಟು ಸಮಾಧಾನವನ್ನು ನನಗೆ ಯಾರ ಸಾವಿನಲ್ಲೂ ಯಾರೂ ಹೇಳಿರಲಿಲ್ಲ.

ಮನೆಗೆ ಬಂದು, ಕಾಲು ತೊಳೆದು, ಕಾಫಿ ಕುಡಿದು ಕಂಪ್ಯೂಟರಿನ ಮುಂದೆ ಕೂತ. ಹೊರಗೆ ನೆತ್ತಿ ಸುಡುವ ಬಿಸಿಲು. ಅವನು ಏನನ್ನೂ ಬಿಚ್ಚಲಿಲ್ಲ, ಸುಮ್ಮನೆ ಒತ್ತಿದ. ಮೋಡೆಮ್ ಟಕ್ ಎಂದಿತು, ಗುಂಯ್‌ಗುಟ್ಟಿತು, ಅಂಕಿಗಳನ್ನು ಒಂದೊಂದಾಗಿ ಉಚ್ಚರಿಸಿ, ನೀರಿನ ಪೈಪಿನೊಳಗೆ ಸಿಕ್ಕಿಬಿದ್ದ ಬೆಕ್ಕಿನ ಹಾಗೆ ಕಿರುಚಿ, ಶಾಂತವಾಯಿತು. ಸಂಪರ್ಕ ಸಿಕ್ಕಿತ್ತು.

"ಏನು ಮಾಡಿದ್ರಿ?" ಎಂದು ಹೆಂಡತಿ ಬೆರಗಾದಳು.

"ಏನೂ ಇಲ್ಲ ಅತ್ತಿಗೆ. ಕನೆಕ್ಟ್ ಅಂತಿತ್ತು, ಒತ್ತಿದೆ."

ವಿನಯದಷ್ಟು ಕ್ರೂರವಾದದ್ದು ಇನ್ನೊಂದಿಲ್ಲ. ಕೊಚ್ಚಿಗೆ ಈಮೇಲ್ ಹೋಯಿತು. ನಾದಿನಿಯ ಉತ್ತರವೂ ಬಂತು. ಅದರಲ್ಲಿ ಅಕ್ಷರಗಳಿಗಿಂತ ಆಶ್ಚರ್ಯಸೂಚಕ ಚಿಹ್ನೆಗಳೇ ಹೆಚ್ಚಾಗಿದ್ದವು.

ಊಟವಾದ ಮೇಲೆ ಷಡ್ಡಕ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಂಟರ್‌ನೆಟ್ಟು ಎಂದರೇನು ಎಂದು ತಿಳಿಹೇಳುತ್ತಿದ್ದ. ಗುಡುಗಿತು. ಹೆಂಡತಿ ಎದ್ದು ವರಾಂಡಕ್ಕೆ ಹೋದಳು. ಪರದೆಯ ಮೇಲೆ ಮುಕ್ಕಾಲು ಮೂಡಿದ್ದ ಚಿತ್ರ ಅಲ್ಲಿಗೇ ನಿಂತಿತು. ಅವನು ಮತ್ತೆ ಒತ್ತಿದ. ಡಯಲ್ ಟೋನ್ ಇಲ್ಲ.

ಅವನು ಸಮಿತಿ ಕರೆಯಲಿಲ್ಲ. ಎದ್ದು ವರಾಂಡಕ್ಕೆ ಹೋದ. ಸ್ವಿಚ್ಚು ನೋಡಿದ, ತಂತಿ ನೋಡಿದ, ಅತ್ತಿಗೆಯನ್ನು ನೋಡಿದ.

"ನಿಮ್ಮ ಭಾವನೇ ಹಾಕಿಸಿದ್ದು," ಎಂದಳು ನನ್ನ ಹೆಂಡತಿ. "ಗುಡುಗಿದ್ರೆ ಇಳಿಸು, ನನ್ನ ಕೇಳ್ತಾ ಕೂರಬೇಡ ಅಂದಿದ್ರು. ಕೇಳ್ಲಿಲ್ಲ."

"ನಿನ್ನೆ?"

"ನಿನ್ನೇನೂ ಇಳಿಸಿದ್ದೆ. ಮೊನ್ನೇನೂ."

ಷಡ್ಡಕ ಒಳಗೆ ಬಂದು ಕೂತು ಚಿಪ್ಸಿನ ಚೀಲಕ್ಕೆ ಕೈ ಹಾಕಿದ. ನಗಲಿಲ್ಲ. ಒಂದು ಚಿಪ್ಸನ್ನು ಪೂರ್ತಿ ಅಗಿದು ನುಂಗಿದ ಮೇಲೆ ಕೇಳಿದ: "ಭಾವ, ಊರಲ್ಲಿ ಏನಂತ ಹೇಳ್ಲಿ? ನಾನು ರಿಪೇರಿ ಮಾಡ್ದೆ ಅನ್ಲಾ, ಇಲ್ಲಾ ನಡೆದದ್ದನ್ನ ನಡೆದ ಹಾಗೇ ಹೇಳ್ಲಾ?"

ನಾನು ಯೋಚಿಸಿದೆ. ಹೊರಗೆ ಮಳೆ ಹೊಯ್ಯುತ್ತಿತ್ತು. ಸಲಹೆ ಕೇಳಲು ಸಮಿತಿಯೂ ಹತ್ತಿರವಿರಲಿಲ್ಲ.

"ಬೇಗ ಹೇಳಿ ಮುಗಿಸ್ರಿ," ಎಂದಳು ಹೆಂಡತಿ. "ಮಳೆ ನಿಂತ ತಕ್ಷಣ ಅವಳು ಫೋನ್ ಮಾಡ್ತಾಳೆ."

"ರಿಪೇರಿ ಮಾಡಿದೆ ಅಂತಲೇ ಹೇಳಿ," ಎಂದೆ.

ಆ ಮೋಡೆಮ್ ಮುಂದೆ ಹಲವು ವರ್ಷ ಕೆಲಸ ಮಾಡಿತು. ಅದನ್ನು ರಿಪೇರಿ ಮಾಡಿದವನು ನನ್ನ ಷಡ್ಡಕ.