ತೊಕಿವಾ ಅತ್ತೆ ಸ್ನಾನ ಬಿಟ್ಟದ್ದು

ನಮ್ಮ ಅತ್ತೆ ತೊಕಿವಾ ನಲವತ್ತಾರು ವರ್ಷ ಜಪಾನಿನ ಯೊಕೊಟೆ ಊರಿಗೆಲ್ಲ ಸ್ನಾನ ಮಾಡಿಸಿದವರು. ರೈಲು ನಿಲ್ದಾಣದ ಹಿಂದೆ ಅವರದೇ ಸ್ನಾನಶಾಲೆ ಇತ್ತು. ಮೈ ತೊಳೆಯದೆ, ಎಲ್ಲರೂ ಇಳಿಯುವ ಬಿಸಿನೀರಿನ ತೊಟ್ಟಿಗೆ ಕಾಲಿಟ್ಟವರು ಯಾರೇ ಆಗಲಿ, ಎಲ್ಲರೆದುರು ಹೆಸರು ಹಿಡಿದು ಉಗಿಯುತ್ತಿದ್ದರು. ಇಂಥವರು ಎಂಬತ್ಮೂರರಲ್ಲಿ ಮರೆವಿನ ಕಾಯಿಲೆ ಬಂದಮೇಲೆ ಮೊದಲು ಬಿಟ್ಟದ್ದೇ ಸ್ನಾನವನ್ನು.

"ಬೆಳಿಗ್ಗೆನೇ ಆಯ್ತಲ್ಲ," ಎನ್ನುತ್ತಿದ್ದರು. ಆ ಬೆಳಿಗ್ಗೆ ಕಳೆದು ಹತ್ತೊಂಬತ್ತು ದಿನವಾಗಿತ್ತು.

ವೈದ್ಯರು ಬಹಳ ಸಜ್ಜನರು. ಕಾಯಿಲೆ ವಾಸಿಯಾಗುವುದಿಲ್ಲ, ಮಾತ್ರೆಯಿಂದ ಅದರ ಓಟ ನಿಧಾನವಾಗಬಹುದು, ಆಗದೆಯೂ ಇರಬಹುದು ಎಂದು ಯಾವ ಕಡೆಗೂ ಸಿಕ್ಕಿಬೀಳದಂತೆ ಹೇಳಿ ಒಂದು ಕೈಪಿಡಿ ಕೊಟ್ಟರು. ಮೊದಲ ಪುಟದಲ್ಲೇ "ರೋಗಿಯೊಡನೆ ವಾದಿಸಬೇಡಿ" ಎಂದಿತ್ತು. ಬರೆದವರಿಗೆ ಅತ್ತೆ ಇರಲಿಲ್ಲವೆಂದು ಕಾಣುತ್ತದೆ.

ನನ್ನ ಗಂಡ ಸೇಜಿ ಅದನ್ನು ಮೂರು ಸಲ ಓದಿ, ಹಳದಿ ಗೆರೆ ಎಳೆದು, ನೇರವಾಗಿ ಹೋಗಿ ವಾದಕ್ಕೆ ಕೂತರು.

"ಅಮ್ಮ, ಮೈ ವಾಸನೆ ಬರ್ತಿದೆ."

"ಹಾಗಾದ್ರೆ ಹೋಗಿ ತೊಳ್ಕೊಳೋ."

ತೋಳು ಹಿಡಿದು ಎಬ್ಬಿಸಲು ನೋಡಿದರು. ಅತ್ತೆ ಅವರ ಹೆಬ್ಬೆರಳು ಕಚ್ಚಿದರು. ಹಲ್ಲಿನ ಸೆಟ್ಟು ಹೊಸದು, ನಾವೇ ಕಟ್ಟಿಸಿದ್ದು.

ಆಮೇಲೆ ವೃದ್ಧರ ಆರೈಕೆಯ ಐವರು ತಜ್ಞರು ನಮ್ಮ ಮನೆಯಲ್ಲಿ ಸಭೆ ಸೇರಿದರು. ಎರಡು ಗಂಟೆ ಚರ್ಚಿಸಿ, ಹೊಗೆಯಲ್ಲಿ ಒಣಗಿಸಿದ ಮೂಲಂಗಿ ಉಪ್ಪಿನಕಾಯಿಯನ್ನೆಲ್ಲ ಮುಗಿಸಿ, ಕುಟುಂಬದವರಿಗೆ ತಾಳ್ಮೆ ಬೇಕೆಂದು ಕಂಡುಹಿಡಿದರು.

ಅವರ ಹಿಂದೆಯೇ ಬಂದವಳು ಇಗರಾಶಿ. ಹಗಲು ಹೊತ್ತು ವೃದ್ಧರನ್ನು ನೋಡಿಕೊಳ್ಳುವ ಕೇಂದ್ರದಲ್ಲಿ ಆರೈಕೆ ಮಾಡುವವಳು, ಐವತ್ತು ದಾಟಿದ ದಪ್ಪ ಹೆಂಗಸು. ಸ್ನಾನದ ಸುದ್ದಿಯನ್ನೇ ಎತ್ತಲಿಲ್ಲ. ಅತ್ತೆಗೆ ಬಾಗಿ ನಮಸ್ಕರಿಸಿ, "ಯಜಮಾನಮ್ಮ, ನಮ್ಮಲ್ಲಿ ನೀರು ಕಾಯೋದು ಸರಿ ಆಗ್ತಿಲ್ಲ. ಒಂದ್ಸಲ ಬಂದು ನೋಡ್ತೀರಾ?" ಎಂದಳು.

"ನಿಮ್ಮಂಥೋರ ಕೈಗೆ ಕೊಟ್ರೆ ಇನ್ನೇನಾಗತ್ತೆ," ಎಂದು ಅತ್ತೆ ಎದ್ದೇಬಿಟ್ಟರು.

ನಾನೂ ಜೊತೆಗೆ ಕೇಂದ್ರಕ್ಕೆ ಹೋದೆ. ಅತ್ತೆ ಅಂಗಿಯ ತೋಳು ಮಡಿಸಿ, ಮೊಣಕೈಯನ್ನು ತೊಟ್ಟಿಗೆ ಅದ್ದಿದರು. "ಇದು ನೀರಾ? ಆರಿದ ಮಿಸೋ ಸಾರು." ಇಗರಾಶಿ ತಲೆತಗ್ಗಿಸಿ ಬಿಸಿನೀರು ಬಿಟ್ಟಳು. ಅಷ್ಟರಲ್ಲಿ ಅತ್ತೆಯ ಕಣ್ಣು ಪಕ್ಕದಲ್ಲಿ ಬೆನ್ನು ಉಜ್ಜಿಕೊಳ್ಳುತ್ತಿದ್ದ ಮುದುಕಿಯ ಮೇಲೆ ಬಿತ್ತು.

"ಹಾಗಲ್ಲ ಕಣಮ್ಮ. ಮೊದಲು ಕಿವಿ ಹಿಂದೆ. ನೋಡಿಲ್ಲಿ."

ಬಟ್ಟೆ ಬಿಚ್ಚಿ, ಸ್ಟೂಲಿನ ಮೇಲೆ ಕೂತು, ಕತ್ತಿನಿಂದ ಹಿಮ್ಮಡಿಯವರೆಗೆ ಉಜ್ಜಿ ತೋರಿಸಿ, ಅತ್ತೆ ತೊಟ್ಟಿಗೆ ಇಳಿದರು. ನಾನು ಟವೆಲಿನಲ್ಲಿ ಮುಖ ಮುಚ್ಚಿಕೊಂಡೆ. ನಗುತ್ತಿದ್ದೇನೆಂದು ಎಲ್ಲರೂ ತಿಳಿದರು. ತಿಳಿಯಲಿ.

ಅಂದಿನಿಂದ ಎರಡು ವರ್ಷವಾಯಿತು, ವಾರಕ್ಕೆರಡು ಸಲ ಅತ್ತೆ ನೀರಿನ ತಪಾಸಣೆಗೆ ಹೋಗುತ್ತಾರೆ. ನೀರು ಒಮ್ಮೆಯೂ ಸರಿಯಿಲ್ಲ. ಕಾಯಿಲೆಯೇನೂ ನಿಂತಿಲ್ಲ. ಮೊದಲು ನನ್ನ ಹೆಸರು ಹೋಯಿತು. ಅವರಿಗೆ ಅದರಿಂದ ದೊಡ್ಡ ನಷ್ಟವೇನೂ ಆದಂತಿಲ್ಲ. ಆಮೇಲೆ ಮಗನದೂ ಹೋಯಿತು. ಕಳೆದ ಶರತ್ಕಾಲದಲ್ಲಿ ಸೇಜಿಯನ್ನು ದಿಟ್ಟಿಸಿ ನೋಡಿ, "ನೀನು ನಮ್ಮ ಸ್ನಾನಶಾಲೆ ಒಲೆ ನೋಡೋನಲ್ವಾ? ಬರೀ ಸೋಮಾರಿ. ನಾಳೆಯಿಂದ ಬರ್ಬೇಡ," ಎಂದರು.

ಸೇಜಿ ತಲೆಬಾಗಿ, "ಆಗ್ಲಿ, ಯಜಮಾನಮ್ಮ," ಎಂದರು.

ಮರುದಿನ ಅತ್ತೆಯೇ ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಸಿಪ್ಪೆ ಸುಲಿದ ಪರ್ಸಿಮನ್ ಹಣ್ಣಿನ ಹೋಳನ್ನು ಕೈಗಿಟ್ಟರು. ಯಾರೆಂದು ಕೇಳಲಿಲ್ಲ. ಇವರೂ ಹೇಳಲಿಲ್ಲ, ತಿಂದರು.