ಮೈಕ್ರಾನ್ ಭಾವನ ಹಿಡಿಕೆ ಪರೀಕ್ಷೆ

ನಮ್ಮ ಭಾವನಿಗೆ ಬೀದಿಯವರು ಮೈಕ್ರಾನ್ ಎಂದು ಹೆಸರಿಟ್ಟಿದ್ದರು. ತಲೆಗೂದಲೊಂದನ್ನು ಸೀಳಿ, ಸೀಳಿದ್ದನ್ನು ಮತ್ತೆ ಮತ್ತೆ ಸೀಳುತ್ತಾ ಹೋದರೆ ಕೊನೆಗೆ ಉಳಿಯುವ ದಪ್ಪಕ್ಕೆ ಆ ಹೆಸರಂತೆ. ಕಾರ್ಖಾನೆಯಲ್ಲಿ ಅವರ ಕೆಲಸ, ಬೇರೆಯವರು ಮಾಡಿದ್ದನ್ನು ಅಳೆದು ತಪ್ಪು ಹಿಡಿಯುವುದು. ನಿವೃತ್ತರಾದ ಮೇಲೆ ಸಂಬಳ ನಿಂತಿತೇ ಹೊರತು ಕೆಲಸ ನಿಲ್ಲಲಿಲ್ಲ. ಮನೆಗೆ ಬಂದವರಿಗೆ ಕುರ್ಚಿ ಕೊಡುವ ಮೊದಲು ಅದರ ನಾಲ್ಕೂ ಕಾಲಿನಡಿ ಕಾಗದದ ಚೂರು ತೂರಿಸಿ ನೋಡುವರು. ಅಲ್ಲಿಯವರೆಗೆ ಬಂದವರು ನಿಂತೇ ಇರಬೇಕು.

ಮನೆಯ ಹಿಂಬದಿಯ ಕೋಣೆಯಲ್ಲಿ ಅವರ ಮಿಲ್ಲಿಂಗ್ ಮಷಿನ್ ಇತ್ತು. ಎತ್ತರದಲ್ಲಿ ನನ್ನ ಎದೆಮಟ್ಟ, ತೂಕದಲ್ಲಿ ನಮ್ಮ ಇಡೀ ವಂಶ. ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು: ಮೇಲೆ ಹಲ್ಲಿರುವ ಕಟರ್ ಗಿರ್ರೆಂದು ತಿರುಗುತ್ತದೆ, ಕೆಳಗೆ ಕಬ್ಬಿಣದ ಮೇಜು ಲೋಹದ ತುಂಡನ್ನು ಕಚ್ಚಿ ಹಿಡಿದು ಮೆಲ್ಲಗೆ ಅದರ ಬಾಯಿಗೆ ಒಡ್ಡುತ್ತದೆ. ಮೇಜನ್ನು ಸರಿಸುವುದು ಪಕ್ಕದ ಒಂದು ಚಕ್ರ. ಚಕ್ರವನ್ನು ತಿರುಗಿಸಲು ಅದರ ಅಂಚಿನಲ್ಲಿ ಎದ್ದು ನಿಂತ ಒಂದು ಹಿಡಿಕೆ. ಅಷ್ಟು ಭಾರದ ಸಂಸಾರವೆಲ್ಲ ಕೊನೆಗೆ ಬೆರಳುದ್ದದ ಪ್ಲಾಸ್ಟಿಕ್ಕಿನ ಮೇಲೆ ನಿಂತಿತ್ತು. ಅದು ಮುರಿಯಿತು.

ಮುರಿದದ್ದು ಅಕ್ಕನ ಕೆಲಸದ ನಡುವೆ. ಅಕ್ಕನದು ಸ್ವೆಟರ್ ಹೆಣೆಯುವ ಕೈಮಷಿನ್. ನೆರೆಹೊರೆಯವರೆಲ್ಲ ಅವಳ ಉಲ್ಲನ್ನಿನಲ್ಲೇ ಬೆಚ್ಚಗಿದ್ದವರು. ಅದರೊಳಗೆ ಸೂಜಿಗಳನ್ನು ಎತ್ತಿ ಇಳಿಸುವ ಬೆಣೆಯಂಥ ಉಕ್ಕಿನ ತುಂಡೊಂದು ಸವೆದುಹೋಗಿತ್ತು. ಅಂಗಡಿಯಲ್ಲಿ ಸಿಗದು. "ಸಿಗದಿದ್ರೆ ಏನಾಯ್ತು, ನಾನು ಸತ್ತಿದೀನಾ?" ಎಂದ ಭಾವ ಒಂದು ಬೆಳಿಗ್ಗೆ ಕೂತು ಹೊಸ ತುಂಡನ್ನು ಮುಕ್ಕಾಲು ಪಾಲು ಕಡೆದರು. ಆಮೇಲೆ ಟಪ್ಪೆಂದು ಸದ್ದಾಯಿತು, ಕಟರ್ ತುಂಡಿನೊಳಗೆ ಹಲ್ಲೂರಿತು, ಬೆಣೆ ಎರಡಾಯಿತು. ಭಾವ ಹೊರಗೆ ಬಂದು, ಕೈಯಲ್ಲಿದ್ದ ಮುರಿದ ಹಿಡಿಕೆಯನ್ನು ನ್ಯಾಯಾಲಯದ ಸಾಕ್ಷಿಯಂತೆ ಎತ್ತಿ ತೋರಿಸಿದರು. "ನೋಡಿ, ಇದರ ಯೋಗ್ಯತೆ."

ಹಿಡಿಕೆಯ ಯೋಗ್ಯತೆ ಏನೇ ಇರಲಿ, ಮನೆಯವರಿಗೆಲ್ಲ ಗೊತ್ತಿದ್ದ ಸಂಗತಿ ಬೇರೆ. ಭಾವನ ಬಲಗೈಯ ಹೆಬ್ಬೆರಳಿಗೂ ಪಕ್ಕದ ಎರಡು ಬೆರಳಿಗೂ ಜೋಮು ಹಿಡಿದಿತ್ತು. ಲೋಟ ಜಾರುತ್ತಿತ್ತು, ಅಂಗಿಯ ಗುಂಡಿ ಸಿಗುತ್ತಿರಲಿಲ್ಲ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಸ್ಪರ್ಶ ತಿರುಗಿ ಬಂದರೆ ಬಂತು, ಬರದಿದ್ದರೆ ಇಲ್ಲ ಎಂದು ಡಾಕ್ಟರು ಅಕ್ಕನ ಎದುರೇ ಹೇಳಿದ್ದರು. ಹಿಡಿತ ಬಿಗಿಯಾಗಿದೆಯೋ ಸಡಿಲವಾಗಿದೆಯೋ ತಿಳಿಯದೆ ಹಿಂಡಿದ ಬೆರಳುಗಳೇ ಹಿಡಿಕೆಯನ್ನು ಮುರಿದವು. ಈ ಮಾತನ್ನು ಭಾವನ ಎದುರು ಆಡುವ ಗಂಡೆದೆ ಯಾರಿಗೂ ಇರಲಿಲ್ಲ. ಸಾವಿರಾರು ಜನರ ಕೈಕೆಲಸವನ್ನು ತಿರಸ್ಕರಿಸಿದ ಮನುಷ್ಯನಿಗೆ, ಈಗ ತಿರಸ್ಕೃತವಾಗಿರುವುದು ನಿಮ್ಮದೇ ಕೈ ಎಂದು ಹೇಳುವುದು ಹೇಗೆ? ಮಷಿನ್ನಿನ ಮೇಲೆ ಹಳೆಯ ಹೊದಿಕೆ ಬಿತ್ತು. ಇನ್ನು ಆ ಹೊದಿಕೆ ಏಳುತ್ತದೋ ಇಲ್ಲವೋ ಎಂಬುದೊಂದೇ ಆ ಮನೆಯ ಪ್ರಶ್ನೆಯಾಯಿತು.

ಭಾವನ ಪ್ರಕಾರ ಪ್ರಶ್ನೆ ಅದಲ್ಲ. ಸರಿಯಾದ ಹಿಡಿಕೆ ಯಾವುದು ಎಂಬುದು. ಡ್ರಿಲ್ಲನ್ನು ಬೆಂಚಿಗೆ ಅಡ್ಡಲಾಗಿ ಬಿಗಿದು, ಅದರ ಬಾಯಿಗೆ ಮರದ ತುಂಡು ಸಿಕ್ಕಿಸಿ ತಿರುಗಿಸುತ್ತಾ ಅರದಿಂದ ಉಜ್ಜತೊಡಗಿದರು. ಮುರಿದ ಮಂಚದ ಕಾಲಿನಿಂದ ಒಂದು ಹಿಡಿಕೆಯಾಯಿತು. ಸೋರುವ ನಲ್ಲಿಯ ಹಿತ್ತಾಳೆಯಿಂದ ಒಂದು. ನಲ್ಲಿ ಸೋರುವುದು ಮುಂದುವರಿಯಿತು. ಒಂದು ದಿನ ಅಕ್ಕನ ಲಟ್ಟಣಿಗೆ ಕಾಣೆಯಾಯಿತು.

"ರೀ, ನನ್ನ ಲಟ್ಟಣಿಗೆ ನೋಡಿದ್ರಾ?"

"ಒಳ್ಳೇ ಮರ ಕಣೇ ಅದು. ಹಿಟ್ಟು ಒತ್ತೋಕೆ ಹುಟ್ಟಿದ್ದಲ್ಲ."

"ಹೌದೌದು, ನಾನೂ ಹಿಟ್ಟು ಒತ್ತೋಕೆ ಹುಟ್ಟಿದವಳಲ್ಲ. ನಾಳೆಯಿಂದ ಇಬ್ಬರೂ ಬಿಟ್ಬಿಡ್ತೀವಿ."

ಹಿಡಿಕೆಗಳು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ನಿಂತವು. ಉದ್ದದವು, ಕುಳ್ಳವು, ಹೊಟ್ಟೆ ಬಂದವು, ನಡು ಸಣ್ಣದಾದವು. ಗ್ರೂಪ್ ಫೋಟೋಕ್ಕೆ ಕಾದು ನಿಂತ ಸಂಬಂಧಿಕರ ಹಾಗೆ. ಆ ಮನೆಗೆ ಹೋದವರೆಲ್ಲ ಕಣ್ಣು ಮುಚ್ಚಿ ಒಂದೊಂದನ್ನೂ ಹಿಡಿದು ಅಭಿಪ್ರಾಯ ಹೇಳಬೇಕಿತ್ತು. ಪೋಸ್ಟ್‌ಮಾಸ್ತರರು ಪಾಪ, ತಮ್ಮ ಸ್ವೆಟರಿನ ಎರಡನೆಯ ತೋಳು ಕೇಳಲು ಬಂದವರು. ಅವರ ಕೈಗೂ ಹಿತ್ತಾಳೆಯದು ಬಂತು.

"ಹೇಗನ್ನಿಸ್ತು?" ಎಂದರು ಭಾವ.

"ತಣ್ಣಗಿದೆ ಸ್ವಾಮಿ. ತೋಳು ಯಾವಾಗ..."

"ತಣ್ಣಗಿದೆ ಅನ್ನೋದು ಹವಾಮಾನ. ನಾನು ಕೇಳಿದ್ದು ಹಿಡಿತ."

ನನ್ನ ಸರದಿಯಲ್ಲಿ ನಾನು "ಚೆನ್ನಾಗಿದೆ ಭಾವ" ಎಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ನಿನಗೆ ಎಲ್ಲವೂ ಚೆನ್ನಾಗಿರುತ್ತೆ ಕಣಯ್ಯಾ. ಅದಕ್ಕೇ ನಿನ್ನ ಯಾವ ಅಂಗಿಯ ತೋಳೂ ಇನ್ನೊಂದರಷ್ಟಿಲ್ಲ."

ಹೀಗೆ ಮಂದಿಯ ಅಭಿಪ್ರಾಯದಲ್ಲಿ ನಂಬಿಕೆ ಕಳೆದುಕೊಂಡ ಮೇಲೆ ಅವರಿಗೆ ಹೊಸ ಸಿದ್ಧಾಂತ ಹೊಳೆಯಿತು. ಎಚ್ಚರದ ಕೈ ಸುಳ್ಳು ಹೇಳುತ್ತದೆ. ಕೊಟ್ಟಿದ್ದನ್ನು ದಾಕ್ಷಿಣ್ಯಕ್ಕೆ ಹಿಡಿದುಕೊಳ್ಳುತ್ತದೆ. ನಿದ್ದೆಯ ಕೈಗೆ ದಾಕ್ಷಿಣ್ಯವಿಲ್ಲ. ಆದ್ದರಿಂದ ಊಟವಾದ ಮೇಲೆ ಹಿಡಿಕೆಯೊಂದನ್ನು ಮುಷ್ಟಿಯಲ್ಲಿಟ್ಟುಕೊಂಡು ಮಲಗುವುದು. ಏಳುವಾಗ ಯಾವುದು ಇನ್ನೂ ಕೈಯಲ್ಲಿದೆಯೋ ಅದೇ ಸರಿಯಾದ ಹಿಡಿಕೆ. ಇದನ್ನು ಅವರು ನನಗೆ ಎಷ್ಟು ಗಂಭೀರವಾಗಿ ವಿವರಿಸಿದರೆಂದರೆ, ಮಧ್ಯಾಹ್ನ ನಿದ್ದೆ ಮಾಡುವವರೆಲ್ಲ ವಿಜ್ಞಾನಿಗಳೇ ಎಂದು ನನಗೂ ಅನ್ನಿಸಿ, ಅಲ್ಲೇ ಚಾಪೆ ಕೇಳಿದೆ.

ಆ ಮಧ್ಯಾಹ್ನಗಳು ನನಗೆ ಈಗಲೂ ನೀರಿನ ತಳದಲ್ಲಿ ಕಂಡಂತೆ ನೆನಪಿವೆ. ಹಿಂಬದಿಯ ಕೋಣೆಯ ಹಸಿರು ಪರದೆಯಿಂದ ಸೋಸಿಬಂದ ಬೆಳಕು ನೆಲದ ಮೇಲೆ ತೆಳ್ಳಗೆ ತೇಲುತ್ತಿತ್ತು. ಎಣ್ಣೆಯ ವಾಸನೆ, ಮರದ ಪುಡಿಯ ವಾಸನೆ. ಹೊದಿಕೆ ಹೊದ್ದ ಮಷಿನ್ ಮೂಲೆಯಲ್ಲಿ ಯಾರೋ ಹಿರಿಯರು ತೂಕಡಿಸುತ್ತಿರುವ ಹಾಗೆ ಕೂತಿರುತ್ತಿತ್ತು. ಆರಾಮಕುರ್ಚಿಯಲ್ಲಿ ಭಾವ. ಬಾಗಿಲ ಆಚೆ, ಸದ್ದಿಲ್ಲದ ತನ್ನ ಮಷಿನ್ನಿನ ಮುಂದೆ ಅಕ್ಕ, ಉಲ್ಲನ್ನಿನ ಲಡಿ ಬಿಚ್ಚಿ ಉಂಡೆ ಸುತ್ತುತ್ತಾ. ದಾರ ಓಡುವುದನ್ನು ನೋಡುತ್ತಾ ನೋಡುತ್ತಾ ನಾನು ನಿದ್ದೆಗೆ ಇಳಿಯುತ್ತಿದ್ದೆ. ಇಳಿದ ಮೇಲೂ ದಾರ ಓಡುತ್ತಲೇ ಇರುತ್ತಿತ್ತು, ಮನೆ ದಾಟಿ, ಬೀದಿ ದಾಟಿ, ಎಲ್ಲಿಗೋ. ಆಗ ಠಣ್. ಹಿತ್ತಾಳೆಯದು ಬಿತ್ತು.

ಮರುದಿನ ಟೊಕ್. ಮಂಚದ ಕಾಲು. ಇನ್ನೊಂದು ದಿನ ಬಿದ್ದು ಉರುಳಿ ಬೀರುವಿನ ಕೆಳಗೆ ಹೋದದ್ದು ಲಟ್ಟಣಿಗೆ. ಮೊದಮೊದಲು ಭಾವ ಎದ್ದ ಕೂಡಲೇ ಕಾರಣ ಕೊಡುತ್ತಿದ್ದರು. ಇದರ ಹೊಟ್ಟೆ ದೊಡ್ಡದು, ಅದರ ಪಾಲಿಶ್ ಹೆಚ್ಚು. ಬರಬರುತ್ತಾ ಕಾರಣಗಳು ಸಣ್ಣವಾದವು. ಕೊನೆಗೊಂದು ದಿನ ಬಿದ್ದ ಹಿಡಿಕೆಯನ್ನು ಎತ್ತಿಕೊಳ್ಳದೆ, ತಮ್ಮ ಅಂಗೈಯನ್ನು ತೊಡೆಯ ಮೇಲೆ ಮಗುಚಿಟ್ಟು, ಪರದೆಯ ಕಡೆ ನೋಡುತ್ತಾ ಕೂತರು.

"ಈ ಮಷಿನ್ನು ಯಾರಿಗಾದ್ರೂ ಬೇಕಾದೀತು," ಎಂದರು, ಯಾರಿಗೋ ಹೇಳುವಂತೆ.

ಅಕ್ಕ ಉಂಡೆ ಬದಿಗಿಟ್ಟು ಎದ್ದಳು. ಅವಳು ಅಡುಗೆಮನೆಗೆ ಹೋದಾಗ ನಾನೂ ಹಿಂದೆಯೇ ಹೋದೆ.

"ನೀನು ಯಾವತ್ತಾದ್ರೂ ಅವರ ಕೈ ನೋಡಿದೀಯೇನೋ?" ಎಂದಳು.

"ಡಾಕ್ಟರೇ ನೋಡಿದಾರಲ್ಲ."

"ಅಯ್ಯೋ ದಡ್ಡ. ನಿದ್ದೇಲಿ. ಸದ್ದಾದ ತಕ್ಷಣ ನೀವೆಲ್ಲ ನೆಲ ನೋಡ್ತೀರ. ನಾನು ಕೈ ನೋಡ್ತೀನಿ. ಹಿಡಿಕೆ ಬಿದ್ದಮೇಲೂ ಅದು ಸುಮ್ಮನಿರಲ್ಲ ಕಣೋ. ನಾಳೆ ನೀನು ಗೊರಕೆ ಹೊಡೀದೆ ಕೂತ್ಕೋ, ತೋರಿಸ್ತೀನಿ."

ಮರುದಿನ ನಾನು ಕಣ್ಣಿಗೆ ನೀರು ಹಾಕಿಕೊಂಡು ಕೂತೆ. ಅಕ್ಕ ಮುಂಚೆಯೇ ಕುರ್ಚಿಯ ಪಕ್ಕದಲ್ಲಿ ಹಳೆಯ ದಿಂಬು ಹಾಸಿದ್ದಳು; ಹಿಡಿಕೆ ಸದ್ದಿಲ್ಲದೆ ಬಿತ್ತು, ಭಾವ ಏಳಲಿಲ್ಲ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕುರ್ಚಿಯ ಕೈಯಿಂದ ಹೊರಚಾಚಿದ್ದ ಅವರ ಬಲಗೈ ಮೆಲ್ಲಗೆ ಸುತ್ತತೊಡಗಿತು. ಬೆರಳುಗಳು ಸಡಿಲವಾಗಿ ಬಿಚ್ಚಿಕೊಂಡಿದ್ದವು, ಯಾವ ಕೆಲಸಕ್ಕೂ ಬಾರದ ನೆಂಟರ ಹಾಗೆ ಸುಮ್ಮನೆ ಜೊತೆಗಿದ್ದವು. ತಿರುಗಿಸುತ್ತಿದ್ದುದು ಅಂಗೈ. ಗಾಳಿಯಲ್ಲಿ ಒಂದು ಚಕ್ರ. ಅರ್ಧ ಸುತ್ತು, ಒಂದು ಗಳಿಗೆ ತಡೆ, ಮತ್ತೆ ಅರ್ಧ ಸುತ್ತು. ಕಾಣದ ಮೇಜೊಂದು ಕಾಣದ ಕಟರಿನ ಕಡೆ ಕೂದಲೆಳೆಯಷ್ಟು ಸರಿಯುತ್ತಿತ್ತು. ಅವರ ಮುಖದಲ್ಲಿ ಎಚ್ಚರದಲ್ಲಿ ನಾನೆಂದೂ ಕಾಣದ ನೆಮ್ಮದಿ. ಅಳೆಯುವವರು ಯಾರೂ ಇಲ್ಲದ ಊರಿನಲ್ಲಿ ಭಾವ ಕೆಲಸ ಮಾಡುತ್ತಿದ್ದರು.

ಅಕ್ಕ ಪುಟ್ಟ ಸ್ಟೂಲೊಂದನ್ನು ಎತ್ತಿ ತಂದು, ಅದರ ಮೇಲೆ ತಾನು ಸುತ್ತಿದ್ದ ಉಲ್ಲನ್ ಉಂಡೆಯನ್ನಿಟ್ಟು, ಆ ಕೈಯ ಕೆಳಗೆ ಮೆತ್ತಗೆ ಸರಿಸಿದಳು. ಅಂಗೈಯ ಗುಳಿ ಉಂಡೆಯ ಮೇಲೆ ಕೂತಿತು. ಬೀಳಲಿಲ್ಲ, ಜಾರಲಿಲ್ಲ. ಉಂಡೆ ಕೈಯ ಜೊತೆ ಸುತ್ತು ಹೊಡೆಯಿತು, ಒಂದು ಸುತ್ತು, ಇನ್ನೊಂದು, ಮಗದೊಂದು. ನಾವಿಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ಹಸಿರು ಬೆಳಕಿನಲ್ಲಿ ಆ ಕೆಂಪು ಉಂಡೆ ತನ್ನ ಪಾಡಿಗೆ ತಾನು ತಿರುಗುವ ಸಣ್ಣ ಗ್ರಹದಂತೆ ಕಂಡಿತು.

ಭಾವ ಕಣ್ಣು ತೆರೆದರು. ಕೈ ಇನ್ನೂ ತಿರುಗುತ್ತಿತ್ತು. ಅದನ್ನು ಬೇರೆ ಯಾರದೋ ಕೈ ಎಂಬಂತೆ ಬಹಳ ಹೊತ್ತು ನೋಡಿದರು, ನಿಲ್ಲಿಸಲಿಲ್ಲ. ಅಕ್ಕನ ಮುಖ ನೋಡಿದರು. ಈಗ ಏನಾದರೂ ಮನಕರಗುವ ಮಾತು ಬಂದೀತೆಂದು ನಾನು ಕರವಸ್ತ್ರ ಹುಡುಕಿದೆ.

"ಇದರ ವ್ಯಾಸ ಎಷ್ಟು?" ಎಂದರು ಭಾವ.

"ಅಳೆದು ಸುತ್ತಿಲ್ಲ ರೀ. ನಿಮ್ಮ ಹಾಗೆ ನನಗೇನು ಬೇರೆ ಕೆಲಸ ಇಲ್ವಾ?"

ಆ ಸಂಜೆಯೇ ಬಡಗಿಯ ಅಂಗಡಿಯಿಂದ ಗಟ್ಟಿ ಮರದ ತುಂಡು ಬಂತು. ಡ್ರಿಲ್ ಗುಯ್ಯೆಂದಿತು. ಚೌಕ ದುಂಡಗಾಯಿತು, ದುಂಡಗಿದ್ದದ್ದು ಗುಂಡಾಯಿತು. ಭಾವ ಅದನ್ನು ಅಂಗೈಯಲ್ಲಿ ಇಟ್ಟು ನೋಡುವುದು, ತೆಗೆದು ಇನ್ನಷ್ಟು ಉಜ್ಜುವುದು. ಒಂದು ಗುಂಡು ಚಿಕ್ಕದಾಯಿತೆಂದು ಪಕ್ಕಕ್ಕೆ ಹೋಯಿತು, ಇನ್ನೊಂದು ಭಾರವೆಂದು ಹೋಯಿತು. ಒಪ್ಪಿದ್ದರ ನಡುವೆ ತೂತು ಕೊರೆದು, ಉಕ್ಕಿನ ಬೋಲ್ಟು ತೂರಿಸಿ, ಗುಂಡು ಬೋಲ್ಟಿನ ಸುತ್ತ ಸಲೀಸಾಗಿ ತಿರುಗುವ ಹಾಗೆ ಮಾಡಿ ಚಕ್ರಕ್ಕೆ ಬಿಗಿದರು. ಈ ನಡುವೆ ಮನೆಗೆ ಬಂದವರಿಗೆಲ್ಲ ಒಂದು ಭಾಷಣವೂ ಸಿದ್ಧವಾಗಿತ್ತು: ಹಿಡಿಕೆ ಎಂಬ ಕಲ್ಪನೆಯೇ ತಪ್ಪು, ಚಕ್ರವನ್ನು ಹಿಡಿಯಬಾರದು, ನೂಕಬೇಕು, ಇದು ತಾವು ದೀರ್ಘ ಸಂಶೋಧನೆಯಿಂದ ಕಂಡುಕೊಂಡದ್ದು. ಪೋಸ್ಟ್‌ಮಾಸ್ತರರು ತಲೆದೂಗಿದರು. ಅಕ್ಕ ಒಳಗಿನಿಂದ, "ನಿದ್ದೆ ಮಾಡಿ ಮಾಡಿ ಕಂಡುಹಿಡಿದಿದ್ದು, ಅದನ್ನೂ ಹೇಳಿ," ಎಂದಳು.

ಭಾಷಣ ಸರಿ, ಆದರೆ ಹೊದಿಕೆ ತೆಗೆದು ಹೊಸ ಉಕ್ಕಿನ ತುಂಡನ್ನು ಬಿಗಿದ ಬೆಳಿಗ್ಗೆ ಭಾವನ ತುಟಿ ಒಣಗಿತ್ತು. ನಮ್ಮನ್ನು ಹೊರಗೆ ಹೋಗಿ ಎನ್ನುತ್ತಾರೆಂದುಕೊಂಡೆ, ಅನ್ನಲಿಲ್ಲ. ಸ್ವಿಚ್ ಒತ್ತಿದರು. ಕಟರ್ ತಿರುಗಿತು. ಗುಂಡಿನ ಮೇಲೆ ಅಂಗೈಯಿಟ್ಟು ಒಂದು ಕ್ಷಣ ಹಾಗೇ ನಿಂತರು. ಆಮೇಲೆ ಕಣ್ಣು ಅರೆಮುಚ್ಚಿತು, ಕೈ ಸುತ್ತಿತು. ಅರ್ಧ ಸುತ್ತು, ತಡೆ, ಅರ್ಧ ಸುತ್ತು. ಉಕ್ಕು ಸಣ್ಣಗೆ, ಒಂದೇ ಸಮನೆ ಹಾಡಿತು. ಸುರುಳಿ ಸುರುಳಿ ಚೂರುಗಳು ಬೆಳ್ಳಿಯ ಹೊಟ್ಟಿನಂತೆ ಮೇಜಿನ ಮೇಲೆ ಬಿದ್ದವು. ಎಷ್ಟು ಹೊತ್ತಾಯಿತೋ ತಿಳಿಯದು. ಎಚ್ಚರವಾಗಿದ್ದವರು ನಾವು ಮೂವರೂ ಹೌದೋ ಅಲ್ಲವೋ, ಅದೂ ತಿಳಿಯದು.

ಸ್ವಿಚ್ ಆರಿಸಿ ಬೆಣೆಯನ್ನು ಬಿಚ್ಚಿದ ಭಾವ ಅಭ್ಯಾಸಬಲದಿಂದ ಅದರ ಅಂಚಿನ ಮೇಲೆ ಹೆಬ್ಬೆರಳು ಎಳೆದರು. ನಯವಾಗಿದೆಯೋ ತರಿಯಾಗಿದೆಯೋ ದಪ್ಪ ಅಳೆಯುವ ಮೈಕ್ರೋಮೀಟರ್ ಹೇಳುವುದಿಲ್ಲ, ಬೆರಳೇ ಹೇಳಬೇಕು. ಇನ್ನೊಮ್ಮೆ ಎಳೆದರು. ಮತ್ತೊಮ್ಮೆ ಎಳೆಯಲು ಹೋಗಿ ನಿಲ್ಲಿಸಿದರು. ನಾನು ನೆಲ ನೋಡಿದೆ.

"ನನಗೆ ತಿಳೀತಿಲ್ಲ ಕಣೇ," ಎಂದರು. "ನೀನೇ ನೋಡು."

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬೆಣೆಯನ್ನು ತೆಗೆದುಕೊಂಡಳು. ಕಣ್ಣು ಮುಚ್ಚಿ, ತೋರುಬೆರಳಿನಿಂದ ಅಂಚಿನುದ್ದಕ್ಕೂ ನಿಧಾನವಾಗಿ ನಡೆದಳು. ಭಾವ ಪರೀಕ್ಷೆಯ ಫಲಿತಾಂಶಕ್ಕೆ ಬಂದವರಂತೆ ನಿಂತಿದ್ದರು.

"ಈ ಮೂಲೇಲಿ ದಾರ ಸಿಕ್ಕಿಹಾಕಿಕೊಳ್ಳುತ್ತೆ ರೀ," ಎಂದಳು. "ಒಂಚೂರು ತೆಗೀರಿ."

"ಒಂಚೂರು ಅಂದ್ರೆ ಎಷ್ಟು?"

"ಒಂಚೂರು ಅಂದ್ರೆ ಒಂಚೂರು."

ಭಾವ ಬೆಣೆಯನ್ನು ಮತ್ತೆ ಮಷಿನ್ನಿಗೆ ಬಿಗಿದರು.